ಎರಡ ದಿವ್ಸಾತು, ಕಂಡೇ ಇಲ್ಲಲ್ಲ

"ಹಿಂದಿನ ಮನಿ ಅಜ್ಜಿ ಎರಡ ದಿವ್ಸಾತು ಕಂಡೇ ಇಲ್ಲಲ್ಲ?" ಅನ್ನೋ ಮಾತು ಯಾವ ಓಣ್ಯಾಗ ಕೇಳಿಲ್ಲ ಹೇಳ್ರಿ. ಸೊಪ್ಪು ಸೋಸ್ಕೋತ, ಅರಿವಿ ಹಿಂಡ್ಕೋತ ಒಬ್ಬಾಕಿ ಇನ್ನೊಬ್ಬಾಕಿಗೆ ಕೇಳೋ ಮಾತು ಇದು. ರಾಜರು ಯುದ್ಧಾ ಮಾಡಿದ್ದಕ್ಕ ಇಸ್ವಿ ಅವ, ಕೆರಿ ಕಟ್ಟಿಸಿದ್ದಕ್ಕ ಶಾಸನ ಅವ. ಈ ಮಾತಿಗೆ ಯಾರೂ ಶಾಸನ ಹಾಕಿಸಿಲ್ಲ. ಆದ್ರ ಇದಕ್ಕೂ ಒಂದು ಇತಿಹಾಸ ಅದ ಅಂತ ನನಗ ಅನಸ್ತದ. ಮಂದಿ ಕಾಣವಲ್ಲರು ಅನ್ನೋದು ಒಂದೊಂದು ಕಾಲಕ್ಕ ಒಂದೊಂದು ನಮೂನಿ ಗೊತ್ತಾಗ್ತಿತ್ತು. ಹ್ವಾದ ವರ್ಷ ಶ್ರಾವಣದಾಗ ನಮ್ಮ ಓಣ್ಯಾಗೂ ಒಂದು ಪ್ರಸಂಗ ಆತು, ಅದನ್ನ ಮುಂದ ಹೇಳ್ತೀನಿ. ಅವತ್ತಿನಿಂದ ನಾನು ಇದರ ಬಗ್ಗೆನ ಓದ್ಕೋತ, ಹಿರ್ಯಾರನ್ನ ಕೇಳ್ಕೋತ ಬಂದೀನಿ.

ಮೊದಲು ಹೊಸ್ತಲದಿಂದ ಸುರು ಮಾಡೋಣು. ನಮ್ಮ ಧಾರವಾಡ ಕಡೆ ಮುಂಜಾನಿ ಎದ್ದ ಕೂಡ್ಲೆ ಅಂಗಳಾ ಕಸಾ ಹೊಡದು, ಥಳಿ ಹೊಡದು, ರಂಗೋಲಿ ಹಾಕೋದು ಹೆಂಗಸರ ಕೆಲ್ಸ. ಅದು ಶುಭಾ ಅಂತಾರ, ಲಕ್ಷ್ಮಿ ಬರ್ತಾಳ ಅಂತಾರ. ಎಲ್ಲಾ ಖರೇನ. ಅದರ ಜೋಡಿ ಇನ್ನೊಂದು ಕೆಲಸನೂ ಆ ರಂಗೋಲಿ ಮಾಡ್ತಿತ್ತು. ಮನ್ಯಾಗ ಸೂತಕ ಇದ್ರ ಬಾಗಲಕ್ಕ ರಂಗೋಲಿ ಹಾಕೂದುಲ್ಲ. ಹಿಂಗಾಗಿ ಬಿಸಲು ಏರಿದ ಮ್ಯಾಲೂ ಯಾವುದರ ಮನಿ ಮುಂದ ನೆಲಾ ಬೋಳು ಕಂಡ್ರ, ನೀರು ತರಲಿಕ್ಕೆ ಹೊಂಟಾಕಿ ಅಲ್ಲೇ ನಿಂತು "ಯಾಕ್ರಿ ವೈನಿ, ಆರಾಮ ಇದ್ದೀರಿಲ್ಲೋ?" ಅಂತ ಒದರಿ ಕೇಳ್ತಿದ್ಲು. ಒಳಗಿನಾಕಿ "ಏನಿಲ್ಲವಾ, ರಾತ್ರಿ ನಿದ್ದಿ ಬಂದಿಲ್ಲ, ತಡಾ ಆತು" ಅಂದ್ರ ಸಾಕು, ಅವತ್ತಿನ ವಿಚಾರಣಿ ಮುಗೀತು. ಯಾರೂ ಯಾರ ಮ್ಯಾಲೂ ನಿಗಾ ಇಟ್ಟಂಗ ಅನಸ್ತಿರಲಿಲ್ಲ.

ಎರಡನೇದ್ದು ಬಾವಿಕಟ್ಟಿ, ಆಮ್ಯಾಲೆ ಓಣಿ ನಳ. ಹುಬ್ಬಳ್ಳಿ-ಧಾರವಾಡದ ನಳದ ಕಥಿ ನಿಮಗ ನಾ ಹೇಳೋದು ಬ್ಯಾಡ. ನೀರು ದಿನಾ ಬರ್ತಿದ್ದಿಲ್ಲ, ಎಷ್ಟೋ ದಿವಸಕ್ಕೊಮ್ಮೆ ಬರ್ತಿತ್ತು. ಬಂದ ದಿನಾ ಓಣಿಗೆ ಓಣಿನ ಎಚ್ಚರ. ನಡುರಾತ್ರಿ ಎರಡಕ್ಕ ಬಂದ್ರೂ ಕೊಡ, ಬಕೀಟು, ಹಂಡೇದ ಸಪ್ಪಳ. ಆ ಪಾಳಿಯೊಳಗ ಒಂದು ಕೊಡ ಕಡಿಮಿ ಆದ್ರ ಗೊತ್ತಾಗ್ತಿತ್ತು. "ಅಜ್ಜಿ ಕೊಡ ಎಲ್ಲೆವ?" ಅಂತ ಯಾರರ ಕೇಳಾವರು, ಯಾವದರ ಹುಡುಗನ್ನ ಓಡಸಾವರು. ಯಾಕಂದ್ರ ನೀರು ಬಂದ ದಿನಾ ಕೊಡ ತರದ ಮನುಷ್ಯಾ ಒಂದು ಊರಾಗ ಇರಂಗಿಲ್ಲ, ಇಲ್ಲಾಂದ್ರ ಏಳಲಿಕ್ಕೆ ಆಗದ ಬಿದ್ದಾನ ಅಂತನ ಅರ್ಥ. 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡಿನಾಗ ಇಪ್ಪತ್ನಾಲ್ಕು ತಾಸಿನ ನೀರು ಸುರು ಆತು. ಆ ವಾರ್ಡಿನ ಹೆಂಗಸರ ಸೊಂಟಾ ಉಳೀತು, ನಿದ್ದಿ ಉಳೀತು. ಅದನ್ನ ನಾ ಎಂದೂ ಕೆಟ್ಟದ್ದಾತು ಅಂತ ಅನ್ನಾಕಿ ಅಲ್ಲ. ನಡುರಾತ್ರಿ ಕೊಡಾ ಹೊತ್ತಾಕಿಗೆ ಅದರ ಬೆಲಿ ಗೊತ್ತು. ಆದ್ರ ಒಂದು ಕೊಡ ಕಡಿಮಿ ಬಿತ್ತು ಅಂತ ಎಣಸೋ ಜಾಗಾ ಅಲ್ಲಿಗೆ ಮುಗೀತು ಅನ್ನೋದೂ ಅಷ್ಟ ಖರೆ.

ಮೂರನೇದ್ದು, ಬಾಗಲಿಗೆ ಬರಾವರು. ಇದು ದೊಡ್ಡ ಪಟ್ಟಿ. ಗೌಳ್ಯಾರು ಎಮ್ಮಿ ಹಾಲು ಕ್ಯಾನಿನಾಗ ತಂದು ಅಳದು ಹಾಕ್ತಿದ್ರು. ಅದಕ್ಕ ಪಾತೇಲಿ ಹಿಡಕೊಂಡು ಒಳಗಿನವರು ಹೊರಗ ಬರಬೇಕು, "ಇವತ್ತ ನೀರು ಭಾಳ ಹಾಕೀಯಲ್ಲೋ" ಅಂತ ಜಗಳಾ ತಗೀಬೇಕು. ಆ ಜಗಳನ ಇವರು ಜೀವಂತ ಇದ್ದಾರ ಅನ್ನೋದಕ್ಕ ಸಾಕ್ಷಿ. ಹೂಗಾರ ಮನ್ಯಾವರು ಹೂವು, ಪತ್ರಿ ತಂದು ಕೊಡ್ತಿದ್ರು. ಬಳಿಗಾರ, ಪಾತ್ರಿಗೆ ಕಲಾಯಿ ಹಾಕಾವ, ಗಾದಿ ಹಿಂಜಾವ. ಇವರೆಲ್ಲಾ ವರ್ಷಕ್ಕ ಒಂದೆರಡು ಸಲಾ ಬಂದ್ರೂ "ಹ್ವಾದ ಸಲಾ ಇಲ್ಲೊಬ್ರು ಅಜ್ಜಾರು ಕೂತಿರ್ತಿದ್ರಲ್ಲ?" ಅಂತ ನೆನಪಿಟ್ಟು ಕೇಳ್ತಿದ್ರು.

ಧಾರವಾಡದ ಹಾಲು ಒಕ್ಕೂಟ ಆಗಿದ್ದು 1986ರಾಗ. ಪ್ಯಾಕೀಟು ಹಾಲು ಬಂತು, ಬಾಗಲದ ಚಿಲಕಕ್ಕ ಚೀಲಾ ತೂಗಹಾಕಿದ್ರ ಹುಡುಗಾ ಪ್ಯಾಕೀಟು ಇಟ್ಟು ಹೋಗ್ತಾನ. ಜಗಳಾ ಇಲ್ಲ, ಮಾರಿ ನೋಡೋದೂ ಇಲ್ಲ. ಅದರಾಗೂ ಒಂದು ಗುರುತು ಹುಟ್ಟಿಕೊಂತು ನೋಡ್ರಿ. ಚೀಲದಾಗ ನಿನ್ನಿ ಪ್ಯಾಕೀಟು ಹಂಗ ಇದ್ದು, ಅದರ ಮ್ಯಾಲೆ ಇವತ್ತಿಂದು ಬಿದ್ರ ಹಾಲು ಹಾಕೋ ಹುಡುಗಾ ಬಾಜೂ ಮನಿ ಬೆಲ್ಲು ಬಾರಸ್ತಾನ. ಪೇಪರ್ ಹಾಕೋ ಹುಡುಗೂರೂ ಹಿಂಗ ಹೇಳಿದ್ದನ್ನ ನಾ ಕೇಳೀನಿ. ಅವರಿಗೆ ಯಾರೂ ಕಲಿಸಿಲ್ಲ, ಪಗಾರಾನೂ ಕೊಟ್ಟಿಲ್ಲ.

ಇನ್ನ ಪೋಸ್ಟಮನ್. ನಮ್ಮ ದೇಶದ ಅಂಚೆ ಇಲಾಖೆ ಮನಿಯಾರ್ಡರ್ ಸುರು ಮಾಡಿದ್ದು 1880ರಾಗ. ಮುಂಬಯಿ ಗಿರಣ್ಯಾಗ, ಪುಣೆದಾಗ ದುಡಿಯೋ ಮಕ್ಕಳು ಹಳ್ಳಿಗೆ ರೊಕ್ಕಾ ಕಳಸ್ತಿದ್ದಿದ್ದು ಅದರಾಗ. ಮುಂದ ವಿಧವಾ ವೇತನ, ವೃದ್ಧಾಪ್ಯ ವೇತನ ಬರಲಿಕ್ಕೆ ಹತ್ತಿದ ಮ್ಯಾಲೆ ಅದೂ ಎಷ್ಟೋ ಮುದುಕ್ಯಾರಿಗೆ ಪೋಸ್ಟಮನ್ ಕೈಯಾಗಿಂದನ ಬರ್ತಿತ್ತು. ರೊಕ್ಕಾ ಕೊಡಬೇಕಂದ್ರ ಅವರ ಕೈಯಾಗ ಕೊಡಬೇಕು, ಹೆಬ್ಬಟ್ಟು ಒತ್ತಿಸ್ಕೋಬೇಕು, ಸಾಕ್ಷಿಗೆ ಬಾಜೂದವರು ಸಹಿ ಹಾಕಬೇಕು. ಅಂದ್ರ ತಿಂಗಳಿಗೊಮ್ಮೆ ಸರಕಾರದ ಮನುಷ್ಯಾ ಒಬ್ಬಾವ ಬಂದು ಆ ಅಜ್ಜಿ ಮಾರಿ ನೋಡಿ, ಒಂದು ಕಪ್ ಚಹಾ ಕುಡದು ಹೋಗ್ತಿದ್ದಾ. ಅದರಾಗ ಐದು ಹತ್ತು ರೂಪಾಯಿ "ಖುಷಿ" ಅಂತ ಕೊಡೋದೂ ಇತ್ತು, ಅದನ್ನ ಮುಚ್ಚಿಡೋದು ಬ್ಯಾಡ. ಈಗ ರೊಕ್ಕಾ ನೆಟ್ಟಗ ಬ್ಯಾಂಕಿನ ಖಾತೆಕ್ಕ ಬೀಳ್ತದ. ನಡುವ ತಿನ್ನಾವರು ತಪ್ಪಿದ್ರು, ಛಲೋ ಆತು. ಮಾರಿ ನೋಡಾವನೂ ತಪ್ಪಿದಾ.

ಇಷ್ಟು ಓದಿ ನೀವು "ಹೌದವಾ, ಹಿಂದಿನ ಕಾಲನ ಬಂಗಾರ" ಅನ್ನೋಕಿಂತ ಮೊದಲು ಒಂದು ಮಾತು ಹೇಳಬೇಕು. ಆ ಬಂಗಾರದಾಗ ತಾಮ್ರಾ ಭಾಳ ಬೆರತಿತ್ತು. ಶ್ರಾವಣ ಶುಕ್ರವಾರ ಅರಿಷಿಣ-ಕುಂಕುಮಕ್ಕ ಮನಿ ಮನಿಗೆ ಕರಿಲಿಕ್ಕೆ ಹೋಗ್ತಿದ್ರಲ್ಲ, ಅದು ಹೆಂಗಸರ ಹಾಜರಿ ಪುಸ್ತಕ ಇದ್ದಂಗ. ಯಾರು ಬಂದ್ರು, ಯಾರು ಬರಲಿಲ್ಲ, ಯಾರಿಗೆ ಜ್ವರಾ, ಯಾರು ಬಸುರಿ, ಎಲ್ಲಾ ಅಲ್ಲೇ ಗೊತ್ತಾಗ್ತಿತ್ತು. ಆದ್ರ ಗಂಡ ಸತ್ತಾಕಿ ಹೆಸರು ಆ ಪುಸ್ತಕದಾಗನ ಇರ್ತಿದ್ದಿಲ್ಲ. ಯಾರು ಎಲ್ಲಾರಕಿಂತ ಹೆಚ್ಚು ಒಂಟಿ ಇದ್ರೋ ಅವರನ್ನ ಬಿಟ್ಟು ಉಳದವರ ಯೋಗಕ್ಷೇಮ ವಿಚಾರಿಸೋ ವ್ಯವಸ್ಥಾ ಅದು. ಹಿಂದಿನ ಖೋಲಿಯೊಳಗ ಮಡೀಲೆ ಕೂತ ಅಜ್ಜಿ ಕಾಣವಲ್ಲಳು ಅನ್ನೋದು ಓಣಿಗೆ ಹೆಂಗ ಗೊತ್ತಾಗಬೇಕು, ಆಕಿ ಮೊದಲ ಯಾರಿಗೂ ಕಾಣ್ತಿದ್ದಿಲ್ಲಲ್ಲ. ಬಾವಿಕಟ್ಟಿನೂ ಎಲ್ಲಾ ಜಾತಿಯವರಿಗೆ ಇರಲಿಲ್ಲ. ಊರ ಹೊರಗ ಇದ್ದಾವರ ಮನ್ಯಾಗ ಒಲಿ ಹೊತ್ತೇದೋ ಇಲ್ಲೋ ಅಂತ ನಮ್ಮ ಅಜ್ಜಂದ್ರು ನೋಡಲಿಲ್ಲ, ಅವರಿಗೆ ಅವರವರ ಆಸರ. ಹಿಂಗಾಗಿ ಹಳೇದನ್ನ ಹೊಗಳೋ ಮುಂದ ನಾ ಸ್ವಲ್ಪ ಕೈ ಹಿಡದ ಬರೀತೀನಿ.

ಬಾಗಲಾ ಬಡಿಯೋದು ಅಂದ್ರ ಎಲ್ಲಾ ಕಾಲಕ್ಕೂ ಛಲೋದಕ್ಕ ಅಂತನೂ ಇಲ್ಲ. 1896ರಾಗ ಮುಂಬಯಿಗೆ ಪ್ಲೇಗು ಬಂತು. ಆವಾಗ ನಮ್ಮ ಧಾರವಾಡ ಜಿಲ್ಲಾ ಮುಂಬಯಿ ಪ್ರಾಂತಕ್ಕನ ಸೇರಿತ್ತು. 1897ರಾಗ ಬ್ರಿಟಿಷ್ ಸರಕಾರ ಸಾಂಕ್ರಾಮಿಕ ರೋಗಗಳ ಕಾಯಿದೆ ಮಾಡಿತು. ಪುಣೆಯೊಳಗ ರ್‍ಯಾಂಡ್ ಅನ್ನೋ ಅಧಿಕಾರಿ ಕೈಯಾಗ ಕೆಲ್ಸ ಕೊಟ್ಟು, ಸೋಲ್ಜರ್ ಮಂದೀನ ಮನಿ ಮನಿ ಒಳಗ ಹೊಗಿಸಿದ್ರು. ಬ್ಯಾನಿ ಬಿದ್ದಾವರು ಎಲ್ಲೆ ಅದಾರ ಅಂತ ದೇವರ ಮನಿ, ಅಡಗಿ ಮನಿ ಬಿಡದ ಹುಡುಕಿದ್ರು, ಹೆಂಗಸರನ್ನೂ ಹೊರಗ ತಂದು ನಿಲ್ಲಿಸಿದ್ರು. ಮಂದಿ ಏನು ಮಾಡಿದ್ರು? ಬ್ಯಾನಿ ಬಿದ್ದಾವರನ್ನ ಮುಚ್ಚಿಟ್ರು. ಸತ್ತಾವರನ್ನೂ ಮುಚ್ಚಿಟ್ರು. ಅದೇ ವರ್ಷ ಜೂನ್ 22ರ ರಾತ್ರಿ ಚಾಫೇಕರ್ ಅಣ್ಣತಮ್ಮಂದ್ರು ರ್‍ಯಾಂಡ್‌ಗೆ ಗುಂಡು ಹೊಡದ್ರು. ಇತಿಹಾಸದ ಪುಸ್ತಕದಾಗ ಗುಂಡಿನ ಸುದ್ದಿನ ದೊಡ್ಡದಾಗಿ ಇರ್ತದ. ನನಗ ಆ ಮುಚ್ಚಿಟ್ಟ ಬಾಗಲದ ವಿಚಾರನ ತಲಿಯೊಳಗ ಕೂತದ. ನಮ್ಮ ಜೀವಾ ಉಳಸಲಿಕ್ಕೆ ಬಂದೀವಿ ಅನ್ನಾವರಿಗೂ ಮಂದಿ ಬಾಗಲಾ ತಗೀಲಿಲ್ಲ, ಯಾಕಂದ್ರ ಬಂದಾವರ ಗುರುತು ಇರಲಿಲ್ಲ, ಬಂದ ರೀತಿ ಸರಿ ಇರಲಿಲ್ಲ.

ಮರುವರ್ಷ, 1898ರಾಗ, ಹುಬ್ಬಳ್ಳಿಗೂ ಪ್ಲೇಗು ಜೋರಲೆ ಬಂತು. ಅಲ್ಲಿ ಹಾಫ್‌ಕಿನ್ ಅವರ ಲಸಿಕಿಯನ್ನ ಸಾವಿರಾರು ಮಂದಿಗೆ ಹಾಕಿದ್ರು. ನಮ್ಮ ಕಡೆ ಊರು ಬಿಟ್ಟು ಹೊಲದಾಗ ಗುಡಸಲು ಹಾಕ್ಕೊಂಡು ಇದ್ದ ಕಥಿ ಎಷ್ಟೋ ಮನ್ಯಾಗ ಹೇಳ್ತಾರ. ಹಂಗ ಊರು ಬಿಡೋ ಮುಂದ ನಡೀಲಿಕ್ಕೆ ಬರಲಾರದ ಮುದುಕ್ಯಾರನ್ನ ಏನು ಮಾಡೋದು ಅನ್ನೋ ಪ್ರಶ್ನಿ ಪ್ರತಿ ಮನ್ಯಾಗೂ ಬಂದಿರಬೇಕು. ಕೆಲವರನ್ನ ಚಕ್ಕಡ್ಯಾಗ ಹಾಕ್ಕೊಂಡು ಹೋಗಿರ್ತಾರ, ಕೆಲವರು "ನಾ ಇಲ್ಲೇ ಇರ್ತೀನಿ, ನೀವು ಹುಡುಗ್ರನ್ನ ಕರಕೊಂಡು ಹೋಗ್ರಿ" ಅಂದಿರ್ತಾರ. ಹಂಗ ಅನ್ನೋ ಅಜ್ಜಂದ್ರು ನಮ್ಮೆಲ್ಲಾರ ಮನ್ಯಾಗೂ ಇದ್ದಾರ, ಧ್ವನಿ ಕಿವಿಯೊಳಗ ಕೇಳಸ್ತದ. ಆಮ್ಯಾಲೆ 1918ರ ಇನ್‌ಫ್ಲುಯೆಂಜಾ. ಮನಿಗೆ ಮನಿನ ಮಲಗಿದ್ರ ಒಬ್ಬರಿಗೊಬ್ಬರು ನೀರು ಕೊಡಾವರೂ ಇಲ್ಲ. ನಮ್ಮ ದೇಶದೊಳಗ ಕೋಟಿಗಿಂತ ಹೆಚ್ಚು ಮಂದಿ ಹೋದ್ರು. 1921ರ ಜನಗಣತಿಯೊಳಗ ಜನಸಂಖ್ಯಾ ಹಿಂದಿನ ಸಲಕ್ಕಿಂತ ಕಡಿಮಿ ಬಂತು, ಅಂಥಾದ್ದು ಆಮ್ಯಾಲೆ ಮತ್ತೊಮ್ಮೆ ಆಗಿಲ್ಲ. 2020ರ ಕೊರೋನಾ ಮುಂದ ಸರಕಾರ ಮತ್ತ ಆ 1897ರ ಹಳೇ ಕಾಯಿದೇನ ಹೊರಗ ತಗೀತು. ಆದ್ರ ಈ ಸಲಾ ಬಾಗಲಾ ಬಡದಾಕಿ ಸೋಲ್ಜರ್ ಅಲ್ಲ, ನಮ್ಮ ಆಶಾ ಕಾರ್ಯಕರ್ತೆ. "ಅಕ್ಕಾರ, ಅಜ್ಜಾರಿಗೆ ಜ್ವರಾ ಕೆಮ್ಮು ಏನಾರ ಅದ ಏನ್ರಿ?" ಅಂತ ಅಂಗಳದಾಗ ನಿಂತು ಕೇಳಿದ್ಲು. ಕೆಲವು ಕಡೆ ಅವರಿಗೂ ಬೈದು ಕಳಿಸ್ಯಾರ, ಅದೂ ನೋಡೀವಿ. ಆದ್ರೂ ಬಾಗಲಾ ತಗದವರನ ಹೆಚ್ಚು.

ಇನ್ನ ಸ್ವಲ್ಪ ದೂರ ದೇಶಕ್ಕ ಹೋಗೋಣು, ಯಾಕಂದ್ರ ನಮ್ಮ ಮಕ್ಕಳು ಅಲ್ಲೇ ಅದಾರ, ಮತ್ತ ಅಲ್ಲಿ ಆದದ್ದು ಇಲ್ಲಿ ನಿಧಾನಕ್ಕ ಬರ್ಲಿಕ್ಕೆ ಹತ್ತೇದ.

ಅಮೇರಿಕಾದ ಶಿಕಾಗೋದಾಗ 1995ರ ಜುಲೈ ತಿಂಗಳು ವಿಪರೀತ ಬಿಸಲು ಬಿತ್ತು, 13ನೇ ತಾರೀಖು 41 ಡಿಗ್ರಿ. ನಮ್ಮ ರಾಯಚೂರಾವರು ನಗಬಹುದು, ಆದ್ರ ಆ ಊರಿಗೆ ಅದು ಹೊಸಾದು. ಒಂದೇ ವಾರದಾಗ ಏಳ್ನೂರಕ್ಕಿಂತ ಹೆಚ್ಚು ಮಂದಿ ಸತ್ರು. ಭಾಳ ಮಂದಿ ಮುದುಕರು, ಒಬ್ಬೊಬ್ಬರ ಮನ್ಯಾಗ, ಕಿಡಕಿ ಮುಚ್ಚಿಕೊಂಡು. ಎರಿಕ್ ಕ್ಲಿನೆನ್‌ಬರ್ಗ್ ಅನ್ನೋ ಸಮಾಜಶಾಸ್ತ್ರಜ್ಞ ಇದರ ಮ್ಯಾಲೆ 2002ರಾಗ ಒಂದು ಪುಸ್ತಕ ತಂದ್ರು. ಅದರಾಗ ಬಾಜೂ ಬಾಜೂ ಇರೋ ಎರಡು ಬಡ ಬಡಾವಣಿ ಹೋಲಿಸ್ಯಾರ. ಎರಡರಾಗೂ ಒಬ್ಬೊಬ್ಬರ ಇರೋ ಮುದುಕರು ಬೇಕಾದಷ್ಟು. ಒಂದರಾಗ ಸಾವಿನ ಪ್ರಮಾಣ ಇನ್ನೊಂದರಕ್ಕಿಂತ ಸುಮಾರು ಹತ್ತು ಪಟ್ಟು. ಕಡಿಮಿ ಸತ್ತ ಕಡೆ ಏನಿತ್ತು ಅಂದ್ರ ಅಂಗಡಿ ಸಾಲು, ಫುಟ್‌ಪಾತಿನ ಮ್ಯಾಲೆ ಮಂದಿ, ಗದ್ದಲಾ. ಮುದುಕರು ಏನಾರ ತರಲಿಕ್ಕೆ ಅಂತ ಹೊರಗ ಬರ್ತಿದ್ರು, ತಂಪಾದ ಅಂಗಡ್ಯಾಗ ಒಂದು ಗಳಿಗಿ ನಿಂದರ್ತಿದ್ರು. ಇನ್ನೊಂದು ಕಡೆ ಅಂಗಡಿ ಎಲ್ಲಾ ಮುಚ್ಚಿ, ಖಾಲಿ ಜಾಗಾ ಬಿದ್ದು, ಹೊರಗ ಬರಲಿಕ್ಕೆ ಹೆದರಿಕಿ. ನಮ್ಮ ಓಣಿ ಕಿರಾಣಿ ಅಂಗಡಿ ಬಗ್ಗೆ ನನ್ನ ಮನಸ್ಸು ಅದನ್ನ ಓದಿದ ಮ್ಯಾಲೆ ಬದಲಾತು. ಅವರ ಬ್ಯಾಳಿ ಎರಡು ರೂಪಾಯಿ ತುಟ್ಟಿ ಇದ್ರೂ ಇರವಲ್ದ್ಯಾಕ.

ಅದೇ ಪುಸ್ತಕದಾಗ ಇನ್ನೊಂದು ಮಾತು ಅದ, ಇದು ನಮಗ ಸಂಬಂಧಪಟ್ಟದ್ದು. ಒಬ್ಬೊಬ್ಬರ ಇರಾವರೊಳಗ ಮುದುಕ್ಯಾರ ಸಂಖ್ಯಾನ ಹೆಚ್ಚು, ಆದ್ರ ವಯಸ್ಸು ಹಿಡದು ಲೆಕ್ಕಾ ಹಾಕಿದ್ರ ಗಂಡಸರು ಹೆಂಗಸರ ಎರಡು ಪಟ್ಟಿಗಿಂತ ಹೆಚ್ಚು ಸತ್ತಾರ. ಹೆಂಗಸರಿಗೆ ಮಾತಾಡಾವರು ಇದ್ರು. ಮಗಳು, ಗೆಳತಿ, ಬಾಜೂದಾಕಿ. ಗಂಡಸರಿಗೆ ನೌಕರಿ ಹ್ವಾದ ಮ್ಯಾಲೆ, ಹೆಂಡ್ತಿ ಹ್ವಾದ ಮ್ಯಾಲೆ ಯಾರೂ ಇರಲಿಲ್ಲ. "ಹೆಂಗಸರು ಕೂತು ಹರಟಿ ಹೊಡೀತಾರ" ಅಂತ ಅನ್ನಾವರಿಗೆ ಇದನ್ನ ತೋರಸ್ರಿ.

ಪ್ಯಾರಿಸ್ಸಿನಾಗೂ 2003ರ ಆಗಸ್ಟ್‌ನಾಗ ಹಿಂಗ ಆತು. ಆಗಸ್ಟ್ ಅಂದ್ರ ಅಲ್ಲಿ ಊರಿಗೆ ಊರ ಸೂಟಿ ಮ್ಯಾಲೆ ಹೋಗ್ತದ. ಮಕ್ಕಳೂ ಇಲ್ಲ, ಬಾಜೂದವರೂ ಇಲ್ಲ, ಡಾಕ್ಟರೂ ಅರ್ಧಾ ಮಂದಿ ಇಲ್ಲ. ಫ್ರಾನ್ಸ್ ದೇಶದಾಗ ಸುಮಾರು 15,000 ಮಂದಿ ಆ ಬಿಸಲಿಗೆ ಹೋದ್ರು, ಹೆಚ್ಚಿನವರು ವಯಸ್ಸಾದವರು. ಪ್ಯಾರಿಸ್ಸಿನಾಗ ಕೇಳಲಿಕ್ಕೆ ಯಾರೂ ಬರಲಾರದ 57 ಹೆಣಗಳನ್ನ ಸೆಪ್ಟೆಂಬರ್ 3ಕ್ಕ ತಿಯೆ ಅನ್ನೋ ಸ್ಮಶಾನದಾಗ ಹುಗದ್ರು, ದೇಶದ ಅಧ್ಯಕ್ಷ ಶಿರಾಕ್ ಬಂದು ನಿಂತಿದ್ರು. ಆಮ್ಯಾಲೆ 2004ರಾಗ ಕಾಯಿದೆ ಮಾಡಿ, ಒಬ್ಬೊಬ್ಬರ ಇರೋ ಮುದುಕರ ಹೆಸರು ಊರಿನ ಕಚೇರಿಯೊಳಗ ಬರಸಿ ಇಡೋ ವ್ಯವಸ್ಥಾ ಮಾಡಿದ್ರು, ಬಿಸಲು ಏರಿತು ಅಂದ್ರ ಕಚೇರಿಯಿಂದ ಫೋನ್ ಮಾಡಿ ಕೇಳ್ತಾರ. ಹೆಸರು ಬರಸೋದು ಅವರವರ ಇಚ್ಛಾ. ಅಲ್ಲೇ ಪ್ಯಾರಿಸ್ಸಿನಾಗನ 1999ರಿಂದ ವರ್ಷಕ್ಕೊಮ್ಮೆ ಬಾಜೂದವರೆಲ್ಲಾ ಅಂಗಳದಾಗ ಟೇಬಲ್ ಹಾಕಿ ಕೂಡಿ ಊಟಾ ಮಾಡೋ "ನೆರೆಹೊರೆಯವರ ಹಬ್ಬ" ನಡೀತದ. ಅದು ಸುರು ಆದದ್ದು ಒಂದು ಮನ್ಯಾಗ ಒಬ್ಬ ಮುದುಕಿ ಸತ್ತು ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗದ ಇದ್ದದ್ದರಿಂದ. ನಮಗ ಸಂಕ್ರಾಂತಿ ಎಳ್ಳು, ದಸರಾ ಬನ್ನಿ ಅದಾವ, ನಾವು ಹೊಸಾದು ಹುಡಕೋದು ಬ್ಯಾಡ. ಇದ್ದದ್ದನ್ನ ವಾಟ್ಸಾಪ್‌ನಾಗ ಚಿತ್ರಾ ಕಳಿಸಿ ಮುಗಸದಿದ್ರ ಸಾಕು.

ಜಪಾನಿನವರು ಇದಕ್ಕೊಂದು ಶಬ್ದಾನ ಮಾಡ್ಯಾರ, ಕೊಡೊಕುಶಿ ಅಂತ. ಒಂಟಿ ಸಾವು. 1995ರ ಕೋಬೆ ಭೂಕಂಪ ಆದ ಮ್ಯಾಲೆ ಮನಿ ಕಳಕೊಂಡವರಿಗೆ ತಾತ್ಪೂರ್ತಿ ಮನಿ ಕಟ್ಟಿ ಕೊಟ್ರು. ಚೀಟಿ ಎತ್ತಿ ಹಂಚಿದ್ರು, ಹಳೇ ಓಣಿ ಮಂದಿ ಚದರಿ ಹೋದ್ರು. ಆ ಮನಿಗಳೊಳಗ ಇನ್ನೂರಕ್ಕಿಂತ ಹೆಚ್ಚು ಮಂದಿ ಒಬ್ಬೊಬ್ಬರ ಸತ್ತದ್ದು ಆಮ್ಯಾಲೆ ಗೊತ್ತಾತು. ಭೂಕಂಪದಾಗ ಉಳದವರು ಸೂರು ಸಿಕ್ಕ ಮ್ಯಾಲೆ ಹಿಂಗ ಹೋದ್ರಲ್ಲ ಅಂತ ಓದಿ ನನಗ ಭಾಳ ಹೊತ್ತು ಕೆಲ್ಸಕ್ಕ ಮನಸ್ಸಾಗಲಿಲ್ಲ.

ಜಪಾನಿನ ಒಂದು ಸಂಗತಿ ಮಾತ್ರ ನನಗ ಭಾಳ ಸೇರಿದ್ದು. ಯಾಕುಲ್ಟ್ ಅಂತ ಹುಳಿ ಹಾಲಿನ ಸಣ್ಣ ಬಾಟಲಿ ಬರ್ತಾವಲ್ಲ, ಈಗ ನಮ್ಮ ಅಂಗಡ್ಯಾಗೂ ಸಿಗ್ತಾವ. ಜಪಾನಿನಾಗ ಅದನ್ನ ಹೆಂಗಸರು ಮನಿ ಮನಿಗೆ ಹೋಗಿ ಮಾರ್ತಾರ. 1972ರಾಗ ಫುಕುಶಿಮಾ ಸೀಮಿಯ ಕೊರಿಯಾಮಾ ಊರಾಗ ಅಂಥಾ ಮಾರೋ ಹೆಂಗಸೊಬ್ಬಾಕಿ, ತನ್ನ ಹಾದ್ಯಾಗ ಬರೋ ಒಬ್ರು ಮುದುಕರು ಯಾರೂ ಇಲ್ಲದ ಸತ್ತ ಸುದ್ದಿ ಕೇಳಿದ್ಲು. ಅವತ್ತಿನಿಂದ ಆಕಿ ತನ್ನ ರೊಕ್ಕದಾಗ ಬಾಟಲಿ ಕೊಂಡು ಒಬ್ಬೊಬ್ಬರ ಇರೋ ಮುದುಕರಿಗೆ ಕೊಟ್ಟು ಮಾತಾಡಿಸಿ ಬರಲಿಕ್ಕೆ ಹತ್ತಿದ್ಲು. ಅದನ್ನ ನೋಡಿ ಕಂಪನಿ, ಆಮ್ಯಾಲೆ ಊರಿನ ಆಡಳಿತ ಕೈ ಹಚ್ಚಿದ್ವು, ದೇಶದ ತುಂಬ ಹಬ್ಬಿತು. 2001ರಾಗ ಝೋಜಿರುಶಿ ಅನ್ನೋ ಪಾತ್ರಿ ಕಂಪನಿ ಚಹಾಕ್ಕ ನೀರು ಕಾಸೋ ಒಂದು ಕೆಟಲ್ ಸುರು ಮಾಡಿತು. ಮುದುಕಿ ಮುಂಜಾನೆದ್ದು ಅದರಿಂದ ನೀರು ಬಗ್ಗಿಸಿಕೊಂಡ್ರ ದೂರದಾಗಿರೋ ಮಗಳಿಗೆ ಸುದ್ದಿ ಮುಟ್ಟತದ. ಯಂತ್ರ ಆದ್ರೂ ಶಾಣ್ಯಾ ಯಂತ್ರ ಅದು. "ಅವ್ವ ಹೆಂಗಿದ್ದಾಳ" ಅಂತ ಇಣಕಿ ನೋಡಂಗಿಲ್ಲ, ಆಕಿ ಚಹಾ ಕುಡದ್ಲು ಅಂತಷ್ಟ ಹೇಳ್ತದ. ಅಲ್ಲಿ ಯಾವುದೋ ವಸತಿಯೊಳಗ ಒಬ್ಬ ಮುದುಕಿ ಎದುರಿನ ಕಟ್ಟಡದಾಕಿಗೆ ಹೇಳಿಟ್ಟಿದ್ಲಂತ, ನಾ ಮುಂಜಾನೆದ್ದು ಕಿಡಕಿ ಕಾಗದದ ಪರದಾ ಸರಸ್ತೀನಿ, ಅದು ಸರದಿಲ್ಲ ಅಂದ್ರ ನಾ ಸತ್ತೀನಂತ ತಿಳಕೋ ಅಂತ. ಅದರ ಬದಲಿಗೆ ಆಕಿಗೆ ವರ್ಷಾ ಹಣ್ಣು ಕಳಸ್ತಿದ್ಲಂತ. ಪುಕ್ಕಟೆ ಅಲ್ಲ ನೋಡ್ರಿ, ಲೆಕ್ಕಾ ಚುಕ್ತಾ.

ಈಗ ನಮ್ಮ ಓಣಿ ಪ್ರಸಂಗಕ್ಕ ಬರ್ತೀನಿ.

ಮೂಲಿಮನಿ ಕಾಕುಗೆ ಎಂಬತ್ತು ದಾಟ್ಯಾವ. ಕಾಕಾ ಹೋಗಿ ಆರು ವರ್ಷ ಆತು, ಮಗಾ ಕೆನಡಾದಾಗ. ಮಗಾ ಪಡಸಾಲ್ಯಾಗ ಒಂದು ಕ್ಯಾಮೆರಾ ಹಚ್ಚಿ ಹೋಗಿದ್ದಾ. ಕಾಕು ಎಂಟು ದಿವಸದಾಗ ಅದರ ಮ್ಯಾಲೆ ಒಂದು ಪಂಚೆ ಹಾಕಿದ್ರು. "ನನ್ನ ಮನ್ಯಾಗ ನಾ ಏನು ಕಳ್ಳೇನು? ಕುಬುಸಾ ಸಡಲ ಮಾಡ್ಕೊಂಡು ಕೂಡಲಿಕ್ಕೂ ಆಗವಲ್ತು" ಅಂತ. ಶ್ರಾವಣದ ಜಿಟಿಜಿಟಿ ಮಳಿ, ಯಾರೂ ಕಟ್ಟಿ ಮ್ಯಾಲೆ ಕೂಡೋ ದಿವಸ ಅಲ್ಲ, ಎಲ್ಲಾರ ಬಾಗಲಾ ಮುಚ್ಚೇ ಇದ್ವು. ಬುಧವಾರ ಮುಂಜಾನಿ ಹೂಗಾರಾಕಿ ನಮ್ಮ ಮನಿಗೆ ಬಂದಾಕಿ, ಹೂವು ಕೊಟ್ಟು ಹೋಗಲಾರದ ಅಲ್ಲೇ ನಿಂತ್ಲು. "ಅಕ್ಕಾರ, ಮೂಲಿಮನಿ ಅಮ್ಮಾರು ನಿನ್ನಿನ ಹೂವು ತಗೊಂಡಿಲ್ರಿ, ಚಿಲಕಕ್ಕ ಸಿಗಿಸಿದ್ದು ಹಂಗ ಅದ. ಊರಿಗೆ ಹೋಗ್ತೀನಿ ಅಂತ ಹೇಳಿಲ್ಲ ನನಗ. ಹೇಳದ ಹೋಗಾವರ ಅಲ್ಲ ಅವರು" ಅಂದ್ಲು.

ಬೆಲ್ಲು ಬಾರಿಸಿದ್ವಿ. ಫೋನ್ ಒಳಗ ಬಡಕೋಳೋದು ಕೇಳಸ್ತಿತ್ತು, ಎತ್ತಾವರಿಲ್ಲ. ಎದುರುಮನಿ ವೈನಿ ಕರೀಲಿಕ್ಕೆ ಹೋದೆ, ಅವರ ಮಗಾ ಹಿತ್ತಲ ಗ್ವಾಡಿ ಹಾರಿ ಹಿಂದಿನ ಬಾಗಲದ ಕೊಂಡಿ ಸಡಲಿಸಿದಾ. ಕಾಕು ನಡುಮನಿಯೊಳಗ ಕಂಬಳಿ ಹೊಚಗೊಂಡು ಮಲಗಿದ್ರು. ಮೈ ಕೆಂಡ ಆಗಿತ್ತು, ತುಟಿ ಒಣಗಿ ಸೀಳಿದ್ವು, ಬಾಜೂಕ ತಂಬಿಗಿ ಉರುಳಿ ಬಿದ್ದಿತ್ತು. ಸೋಮವಾರ ರಾತ್ರಿ ಜ್ವರಾ ಬಂದದ್ದು. ಮೊದಲು ಏಳಬೇಕು ಅನಿಸಿಲ್ಲ, ಆಮ್ಯಾಲೆ ಏಳಲಿಕ್ಕೆ ಆಗಿಲ್ಲ. ನಮ್ಮನ್ನ ನೋಡಿ ಅವರು ಅಂದ ಮೊದಲ ಮಾತು, "ಬಾಗಲಾ ಮುರದ್ರೇನು?"

ನಾಲ್ಕು ದಿವಸ ದವಾಖಾನ್ಯಾಗ ಸಲಾಯಿನ್ ಹಚ್ಚಿದ ಮ್ಯಾಲೆ ಮನಿಗೆ ಬಂದ್ರು. ಇನ್ನೊಂದು ದಿವಸ ತಡಾ ಆಗಿದ್ರ ಕಷ್ಟ ಇತ್ತು ಅಂತ ಡಾಕ್ಟರ್ ನಮಗ ಹೊರಗ ಕರದು ಹೇಳಿದ್ರು. ಕಾಕುಗೆ ನಾವು ಅದನ್ನ ಹೇಳಿಲ್ಲ, ಆದ್ರ ಅವರಿಗೆ ಗೊತ್ತದ.

ನಾನೂ ವೈನಿನೂ ಕೂಡಿ, ಇನ್ನ ಮ್ಯಾಲೆ ದಿನಾ ಹೊತ್ತಿಗೊಬ್ರು ಹೋಗಿ ನೋಡಿ ಬರೋಣು ಅಂತ ಒಂದು ಪಾಳಿ ಮಾಡಿದ್ವಿ. ಮೂರನೇ ದಿವಸ ಕಾಕು ಬಾಗಲದಾಗ ನಿಂತು ಅಂದ್ರು, "ನನ್ನ ನೋಡಲಿಕ್ಕೆ ಯಾರೂ ಬರಬ್ಯಾಡ್ರಿ. ನಾ ಏನು ಗುಡ್ಯಾಗಿನ ಮೂರ್ತಿ ಅಲ್ಲ, ದವಾಖಾನಿ ಪೇಶಂಟೂ ಅಲ್ಲ. ಏನಾರ ಕೇಳಲಿಕ್ಕೆ ಬರ್ರಿ." ಹಂಗಂದ್ರ ಏನ್ರಿ ಕಾಕು ಅಂದೆ. "ಮೆಂತ್ಯೆಹಿಟ್ಟು ಹೆಂಗ ಮಾಡೋದು ಕೇಳ್ರಿ, ಪಂಚಾಂಗ ನೋಡಿಸ್ಕೊಳ್ಳಿಕ್ಕೆ ಬರ್ರಿ, ಹುಡುಗ್ರನ್ನ ಪಾಢೇ ಕೇಳಲಿಕ್ಕೆ ಕಳಸ್ರಿ" ಅಂದ್ರು. ಈಗ ಹಂಗ ನಡದದ. ವೈನಿ ಮೊಮ್ಮಗಾ ಸಂಜಿಮುಂದ ಹದಿನೈದರ ಮಗ್ಗಿ ಒಪ್ಪಸಲಿಕ್ಕೆ ಹೋಗ್ತಾನ. ಮುಂಜಾನಿ ಹೂವು ಚಿಲಕಕ್ಕ ಸಿಗಸೋದು ಬಂದ್ ಮಾಡಿ ಕೈಯಾಗನ ಕೊಡ್ಲಿಕ್ಕೆ ಹೂಗಾರಾಕಿಗೆ ಹೇಳೀವಿ, ತಿಂಗಳಿಗೆ ಸ್ವಲ್ಪ ಹೆಚ್ಚಿಗಿನೂ ಕೊಡ್ತೀವಿ, ಆಕಿ ಹೊತ್ತಿಗೂ ಬೆಲಿ ಅದ. ಹಿತ್ತಲ ಬಾಗಲದ ಒಂದು ಕೀಲಿಕೈ ವೈನಿ ಮನಿ ದೇವರ ಜಗಲಿ ಮ್ಯಾಲೆ ಅದ. ಕ್ಯಾಮೆರಾದ ಮ್ಯಾಲೆ ಪಂಚೆ ಇನ್ನೂ ಹಂಗ ಅದ.

ಇದು ಬರೇ ನಮ್ಮ ಓಣಿ ಮಾತಲ್ಲ. 2011ರ ಜನಗಣತಿ ಹೊತ್ತಿಗೆ ದೇಶದಾಗ ಅರವತ್ತು ದಾಟಿದವರು 10 ಕೋಟಿಗಿಂತ ಹೆಚ್ಚಿದ್ರು, ಅವರೊಳಗ ಹೆಂಗಸರು ಹೆಚ್ಚು. ಹೆತ್ತವರನ್ನ ನೋಡಿಕೊಳ್ಳಬೇಕು ಅಂತ 2007ರಾಗ ಕಾಯಿದೆ ಆತು. ಬೆಂಗಳೂರಾಗ ಪೊಲೀಸರು ಮತ್ತ ನೈಟಿಂಗೇಲ್ಸ್ ಟ್ರಸ್ಟ್ ಕೂಡಿ ನಡಸೋ ಹಿರಿಯರ ಸಹಾಯವಾಣಿ 1090, 2002ರಿಂದ ಅದ. ದೇಶಕ್ಕೆಲ್ಲಾ ಒಂದು ನಂಬರು 14567. ಇದನ್ನ ಫ್ರಿಜ್ಜಿನ ಮ್ಯಾಲೆ ಬರದು ಹಚ್ಚಿಡ್ರಿ, ಮೊಬೈಲಿನಾಗ ಇದ್ರ ಹೊತ್ತಿಗೆ ಸಿಗಂಗಿಲ್ಲ.

ಮತ್ತೊಂದು ಮಜಾ ಅಂದ್ರ, ಪಿಂಚಣಿ ತಗೊಳ್ಳೋರು ವರ್ಷಕ್ಕೊಮ್ಮೆ ತಾವು ಜೀವಂತ ಇದ್ದೀವಿ ಅಂತ ಸರಕಾರಕ್ಕ ತೋರಸಬೇಕಲ್ಲ. ಮೊದಲೆಲ್ಲಾ ನವೆಂಬರ್ ಬಂತಂದ್ರ ಬ್ಯಾಂಕಿನ ಮುಂದ ಮುದುಕರ ಸಾಲು. 2014ರ ನವೆಂಬರ್‌ನಾಗ ಜೀವನ ಪ್ರಮಾಣ ಅಂತ ಬೆರಳಚ್ಚಿನ ವ್ಯವಸ್ಥಾ ತಂದ್ರು. ಐವತ್ತು ವರ್ಷ ಬೂದ್ಯಾಗ ಭಾಂಡೆ ತಿಕ್ಕಿದ ಬೆರಳಿನ ಗೆರಿ ಆ ಯಂತ್ರಕ್ಕ ಎಲ್ಲಿಂದ ಸಿಗಬೇಕು? ಎಷ್ಟೋ ಹೆಂಗಸರಿಗೆ "ಮತ್ತ ಒತ್ರಿ, ಮತ್ತ ಒತ್ರಿ" ಅಂದು ಸಾಕಾತು. 2021ರಾಗ ಮಾರಿ ನೋಡಿ ಗುರುತು ಹಿಡಿಯೋದು ಬಂತು. ಈಗ 70 ರೂಪಾಯಿ ಕೊಟ್ರ ಪೋಸ್ಟಮನ್ನನ ಮನಿಗೆ ಬಂದು ಮಾಡಿ ಕೊಡ್ತಾನ. ಅಂದ್ರ ಮನಿಯಾರ್ಡರ್ ಹ್ವಾದ ಮ್ಯಾಲೆ ಆತ ತಿರುಗಿ ಬಾಗಲಕ್ಕ ಬಂದಾನ, ತಿಂಗಳಿಗೊಮ್ಮೆ ಅಲ್ಲ, ವರ್ಷಕ್ಕೊಮ್ಮೆ.

ಹ್ವಾದ ನವೆಂಬರ್‌ನಾಗ ಮೂಲಿಮನಿ ಕಾಕು ಅವನ್ನ ಕರಿಸಿದ್ರು. ಸೀರಿ ಸೆರಗು ಸರಿ ಮಾಡ್ಕೊಂಡು ಮೊಬೈಲಿನ ಮುಂದ ಕೂತು, ಅವ ಹೇಳಿದಂಗ ಕಣ್ಣು ಮುಚ್ಚಿ ತಗದ್ರು. "ಆತ್ರಿ ಅಮ್ಮಾರ" ಅಂದಾ. ಕಾಕು ಎರಡು ಉಂಡಿ ಪ್ಲೇಟಿನಾಗ ಹಾಕಿ ಅವನ ಮುಂದಿಟ್ಟು ಕೇಳಿದ್ರು, "ಹಂಗಾದ್ರ ಬರೋ ನವೆಂಬರ್ ತನಕಾ ನಾ ಇದ್ದೀನಂತ ಪಕ್ಕಾ ಆತಲ್ಲಪಾ?"